‘ತೆಗೆದುಕೊಳ್ಳಲಿಲ್ಲ’, ‘ತೆಗೆದುಕೊಂಡಿಲ್ಲ’: ಇಂಗ್ಲಿಷ್ ಕಾಲರೂಪಗಳಿಗೆ ಕನ್ನಡದ ಕೀಲಿಕೈ

ಬ್ರಿಟನ್ನಿಗೆ ಬರಲು ಸಿದ್ಧತೆ ನಡೆಸುತ್ತಿರುವ ನಮ್ಮ ನಾಡಿನ ಯುವ ವೈದ್ಯರೂ ದಾದಿಯರೂ ನನ್ನೊಡನೆ ಮಾತನಾಡುವಾಗ ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ಇಂಗ್ಲಿಷ್ ವ್ಯಾಕರಣದ ಬಗ್ಗೆಯೇ ಆತಂಕ ವ್ಯಕ್ತಪಡಿಸುತ್ತಾರೆ. ಶಾಲೆಯಲ್ಲಿ ಕಂಠಪಾಠ ಮಾಡಿದ ಕೋಷ್ಟಕ ಅವರ ಕಣ್ಣ ಮುಂದಿರುತ್ತದೆ: ಮೂರು ಕಾಲಗಳು, ಪ್ರತಿಯೊಂದಕ್ಕೂ ನಾಲ್ಕು ರೂಪಗಳು, ಒಟ್ಟು ಹನ್ನೆರಡು. ‘ಇಷ್ಟರಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?’ ಎಂಬುದು ಅವರ ಪ್ರಶ್ನೆ. ಮಕ್ಕಳ ಮನೆಗೆಂದು ಆರು ತಿಂಗಳ ವೀಸಾದಲ್ಲಿ ಬರುವ ಹಿರಿಯರಿಗೂ ಇದೇ ಅಳುಕು. ಇಂಗ್ಲಿಷ್ ಪತ್ರಿಕೆಯನ್ನು ನಿರಾಯಾಸವಾಗಿ ಓದುವವರು ಸಹ ಆಸ್ಪತ್ರೆಯ ಮೇಜಿನ ಮುಂದೆ ಕುಳಿತಾಗ ತಡವರಿಸುತ್ತಾರೆ.

ಎರಡು ದಶಕಗಳಿಗೂ ಮೀರಿ ಇಲ್ಲಿನ ರೋಗಿಗಳ ಮಾತು ಕೇಳಿ, ಬರೆದುಕೊಂಡು, ಪತ್ರಗಳಾಗಿಸಿ ಕಳುಹಿಸುವ ಕಾಯಕದಲ್ಲಿರುವ ನನ್ನ ಅನುಭವ ಹೇಳುವುದಿಷ್ಟು. ಕ್ರಿಯಾಪದದ ಕಾಲ ತಪ್ಪಿದರೆ ಎಲ್ಲ ಸಂದರ್ಭದಲ್ಲೂ ಅನಾಹುತವಾಗುವುದಿಲ್ಲ. ವ್ಯಾಕರಣ ಕೆಟ್ಟ ವಾಕ್ಯವನ್ನು ಕೇಳುಗನು ತಾನೇ ತಿದ್ದಿಕೊಳ್ಳುತ್ತಾನೆ. ಆದರೆ ವ್ಯಾಕರಣಶುದ್ಧವಾಗಿದ್ದು, ನಾವು ಹೇಳಬೇಕೆಂದುಕೊಂಡಿದ್ದಕ್ಕಿಂತ ಬೇರೆಯೇ ಅರ್ಥ ಕೊಡುವ ವಾಕ್ಯವನ್ನು ಯಾರೂ ತಿದ್ದುವುದಿಲ್ಲ. ಅದು ಹಾಗೆಯೇ ಕಡತ ಸೇರುತ್ತದೆ. ನಾವು ಹೆದರಬೇಕಾದದ್ದು ಅಂತಹ ವಾಕ್ಯಕ್ಕೆ.

ನಗು ತರಿಸುವ ತಪ್ಪು, ಚಿಂತೆ ತರುವ ತಪ್ಪು

‘ಐ ಆಮ್ ಹ್ಯಾವಿಂಗ್ ಫೀವರ್ ಸಿನ್ಸ್ ಟೂ ಡೇಸ್’ ಎಂದು ನಮ್ಮವರು ಹೇಳುವುದುಂಟು. ಶುದ್ಧ ಪ್ರಯೋಗ ‘ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್’. ಆದರೂ ಮೊದಲನೆಯ ವಾಕ್ಯ ಇಲ್ಲಿನ ಯಾವ ವೈದ್ಯನಿಗೂ ಅರ್ಥವಾಗದೇ ಹೋಗುವುದಿಲ್ಲ. ಎರಡು ದಿನದ ಹಿಂದೆ ಬಂದ ಜ್ವರ ಇನ್ನೂ ಇದೆ ಎಂಬುದು ಸ್ಪಷ್ಟ. ಯಾರೋ ಕೂಗಿದಾಗ ಕನ್ನಡದಲ್ಲಿ ‘ಇದೋ ಬಂದೆ’ ಎನ್ನುವ ಅಭ್ಯಾಸದಿಂದ ‘ಐ ಕೇಮ್, ಐ ಕೇಮ್’ ಎಂದು ಓಗೊಟ್ಟರೂ ಹಾಗೆಯೇ. ಇನ್ನೂ ಬಾರದಿರುವವರು ಬಂದೆನೆನ್ನುತ್ತಿರುವುದನ್ನು ಕೇಳಿ ಎದುರಿಗಿದ್ದವರು ಮುಗುಳ್ನಗಬಹುದು, ಅಷ್ಟೇ.

ಈಗ ಇನ್ನೊಂದು ವಾಕ್ಯವನ್ನು ಗಮನಿಸಿ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವ ಹಿರಿಯರೊಬ್ಬರು ‘ಐ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್’ ಎನ್ನುತ್ತಾರೆ. ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ಆದರೆ ಅದರ ಅರ್ಥ, ಹತ್ತು ವರ್ಷ ಇತ್ತು, ಈಗ ಇಲ್ಲ ಎಂದು. ಅವರು ಹೇಳಬೇಕಿದ್ದುದು ‘ಐ ಹ್ಯಾವ್ ಹ್ಯಾಡ್ ಡಯಾಬಿಟಿಸ್ ಫಾರ್ ಟೆನ್ ಇಯರ್ಸ್’ ಎಂದು. ನಡುವೆ ಸೇರಿದ ‘ಹ್ಯಾವ್’ ಎಂಬ ಒಂದು ಪುಟ್ಟ ಪದ, ಕಾಯಿಲೆ ಇಂದಿಗೂ ಮುಂದುವರಿದಿದೆ ಎಂಬ ಸಂಗತಿಯನ್ನು ಹೊತ್ತಿದೆ. 

ಇದೇ ಬಗೆಯ ಮತ್ತೊಂದು ಪ್ರಯೋಗ ನಮ್ಮ ದಕ್ಷಿಣದವರಲ್ಲಿ ಬಹಳ ಸಾಮಾನ್ಯ: ‘ಡೈಲಿ ಐ ವಿಲ್ ಟೇಕ್ ಒನ್ ಟ್ಯಾಬ್ಲೆಟ್.’ ದಿನವೂ ಒಂದು ಮಾತ್ರೆ ನುಂಗುತ್ತೇನೆ ಎಂಬುದು ಹೇಳುವವರ ಭಾವ. ಕೇಳುವ ಆಂಗ್ಲ ದಾದಿಗೆ ಅನ್ನಿಸುವುದು, ಇವರು ಇನ್ನು ಮುಂದೆ ತೆಗೆದುಕೊಳ್ಳಲಿದ್ದಾರೆ, ಇನ್ನೂ ಆರಂಭಿಸಿಲ್ಲ ಎಂದು. ಹೇಳಬೇಕಾದದ್ದು ‘ಐ ಟೇಕ್ ಒನ್ ಟ್ಯಾಬ್ಲೆಟ್ ಎವ್ರಿ ಡೇ’.

ಈ ಗೊಂದಲದ ಬೇರು ನಮ್ಮ ನುಡಿಯಲ್ಲಿಯೇ ಇದೆ. ವರ್ತಮಾನಕ್ಕೆ ‘ಉತ್ತ’, ಭೂತಕ್ಕೆ ‘ದ’, ಭವಿಷ್ಯತ್ತಿಗೆ ‘ವ’ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಆದರೆ ದಿನಬಳಕೆಯ ಮಾತಿನಲ್ಲಿ ‘ಬರುವೆನು’ ಎನ್ನುವವರು ವಿರಳ. ‘ದಿನವೂ ಬರುತ್ತೇನೆ’ ಎಂಬಲ್ಲಿಯೂ ‘ನಾಳೆ ಬರುತ್ತೇನೆ’ ಎಂಬಲ್ಲಿಯೂ ಕ್ರಿಯಾಪದ ಒಂದೇ. ‘ಉತ್ತ’ವೊಂದೇ ರೂಢಿಯ ಭಾರವನ್ನೂ ನಾಳೆಯ ಭಾರವನ್ನೂ ಹೊರುತ್ತದೆ. ಇಂಗ್ಲಿಷ್ ಈ ಎರಡು ಹೊರೆಗಳನ್ನು ಸಾಮಾನ್ಯವಾಗಿ ಬೇರೆಬೇರೆ ಹೆಗಲಿಗೆ ಹಂಚುತ್ತದೆ.

ನಿಷೇಧದ ಐದು ಮೆಟ್ಟಿಲು

ಹಾಗೆಂದು ಕನ್ನಡವು ಕಾಲದ ಸೂಕ್ಷ್ಮಗಳನ್ನು ಅರಿಯದ ಭಾಷೆಯಲ್ಲ. ನಿಷೇಧಕ್ಕೆ ಬಂದಾಗ ಅದು ತೋರುವ ಖಚಿತತೆ ಅಚ್ಚರಿ ಹುಟ್ಟಿಸುತ್ತದೆ. ರಕ್ತದೊತ್ತಡದ ಮಾತ್ರೆಯ ಬಗ್ಗೆ ಕೇಳಿದಾಗ ರೋಗಿಯೊಬ್ಬರು ಕೊಡಬಹುದಾದ ಐದು ಉತ್ತರಗಳನ್ನು ನೋಡೋಣ.

ಮೊದಲನೆಯದು, ‘ತೆಗೆದುಕೊಳ್ಳಲಿಲ್ಲ’. ನಿನ್ನೆಯೋ ಮೊನ್ನೆಯೋ ಒಂದು ಹೊತ್ತು ತಪ್ಪಿತು, ಆ ಸಮಯ ಕಳೆದುಹೋಯಿತು. ಇಂಗ್ಲಿಷ್‌ನಲ್ಲಿ ಇದು ‘ಐ ಡಿಡ್ ನಾಟ್ ಟೇಕ್ ಇಟ್’.

ಎರಡನೆಯದು, ‘ತೆಗೆದುಕೊಂಡಿಲ್ಲ’. ಇವತ್ತಿನದು ಇನ್ನೂ ಆಗಿಲ್ಲ, ಈಗಲೂ ತೆಗೆದುಕೊಳ್ಳಬಹುದು. ಇದು ‘ಐ ಹ್ಯಾವ್ ನಾಟ್ ಟೇಕನ್ ಇಟ್’.

ಮೂರನೆಯದು, ‘ತೆಗೆದುಕೊಳ್ಳುವುದಿಲ್ಲ’. ನನಗೆ ಅದರ ರೂಢಿಯೇ ಇಲ್ಲ. ಇದು ‘ಐ ಡು ನಾಟ್ ಟೇಕ್ ಇಟ್’. ಇದೇ ಮಾತನ್ನು ‘ಇನ್ನು ಮುಂದೆ ಒಲ್ಲೆ’ ಎಂಬ ಹಟದಿಂದ ಹೇಳಿದರೆ ‘ಐ ವಿಲ್ ನಾಟ್ ಟೇಕ್ ಇಟ್’ ಆಗುತ್ತದೆ.

ನಾಲ್ಕನೆಯದು, ‘ತೆಗೆದುಕೊಳ್ಳುತ್ತಿಲ್ಲ’. ಹಿಂದೆ ಇತ್ತೇನೋ, ಸದ್ಯಕ್ಕಂತೂ ನಿಂತಿದೆ. ಇದು ‘ಐ ಆಮ್ ನಾಟ್ ಟೇಕಿಂಗ್ ಇಟ್’.

ಐದನೆಯದು, ‘ತೆಗೆದುಕೊಂಡಿರಲಿಲ್ಲ’. ತಲೆಸುತ್ತು ಬಂದ ಹೊತ್ತಿಗೆ, ಅದಕ್ಕೂ ಮುಂಚೆ ಮಾತ್ರೆ ಹೊಟ್ಟೆಗೆ ಹೋಗಿರಲಿಲ್ಲ. ಇದು ‘ಐ ಹ್ಯಾಡ್ ನಾಟ್ ಟೇಕನ್ ಇಟ್’.

ಐದೂ ಉತ್ತರಗಳಿಗೆ ವೈದ್ಯನ ಮುಂದಿನ ನಡೆ ಬೇರೆ. ಮೊದಲನೆಯದಕ್ಕೆ ‘ಆಗಾಗ ಹೀಗೆ ಮರೆಯುತ್ತೀರಾ?’ ಎಂದು ಕೇಳಬೇಕು. ಎರಡನೆಯದಕ್ಕೆ ಮಾತ್ರೆಯನ್ನು ಈಗಲೇ ಕೊಡುವುದೋ ಬೇಡವೋ ಎಂದು ನಿರ್ಧರಿಸಬೇಕು. ಮೂರನೆಯದಕ್ಕೆ ಪಟ್ಟಿಯಲ್ಲಿ ಆ ಮಾತ್ರೆಯ ಹೆಸರು ಏಕಿದೆ ಎಂದು ವಿಚಾರಿಸಬೇಕು. ನಾಲ್ಕನೆಯದಕ್ಕೆ ಯಾರು, ಯಾವಾಗ, ಏಕೆ ನಿಲ್ಲಿಸಿದರು ಎಂದು ತಿಳಿಯಬೇಕು. ಐದನೆಯದಕ್ಕೆ, ಒತ್ತಡ ಏರಿದ್ದು ಮಾತ್ರೆ ತಪ್ಪಿದ್ದರಿಂದಲೇ ಎಂದು ಯೋಚಿಸಬೇಕು.

ಕನ್ನಡ ಮಾತನಾಡಿ ಬೆಳೆದ ಬಹುತೇಕರು ಈ ಐದು ರೂಪಗಳನ್ನು ಯೋಚಿಸದೆಯೇ ಆರಿಸಿಕೊಳ್ಳುತ್ತಾರೆ. ಆದ್ದರಿಂದ ಸಿಂಪಲ್ ಪಾಸ್ಟ್ ಬಳಸಬೇಕೋ ಪ್ರೆಸೆಂಟ್ ಪರ್ಫೆಕ್ಟ್ ಬಳಸಬೇಕೋ ಎಂಬ ಅನುಮಾನ ಬಂದಾಗ ನಾನು ಕಿರಿಯರಿಗೆ ಹೇಳುವ ಉಪಾಯವೊಂದಿದೆ: ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದ ನಿಷೇಧರೂಪಕ್ಕೆ ತಿರುಗಿಸಿ ನೋಡಿ. ‘ಲಿಲ್ಲ’ ಎಂದು ಕೊನೆಗೊಂಡರೆ ‘ಡಿಡ್’ ವರ್ಗ. ‘ಇನ್ನೂ’ ಎಂಬ ಪದ ಮುಂದೆ ಕೂತು ‘ಮಾಡಿಲ್ಲ, ಬಂದಿಲ್ಲ, ನೋಡಿಲ್ಲ’ ಎಂದಾದರೆ ‘ಹ್ಯಾವ್’ ವರ್ಗ.

ನಿಷೇಧಕ್ಕೇ ಏಕೆ ತಿರುಗಿಸಬೇಕು? ಏಕೆಂದರೆ ಧನಾತ್ಮಕ ವಾಕ್ಯದಲ್ಲಿ ನಮ್ಮ ಕಟ್ಟು ಸಡಿಲ. ‘ನಿನ್ನೆ ರೋಗಿಯನ್ನು ನೋಡಿದ್ದೇನೆ’ ಎಂದರೆ ಕನ್ನಡ ಕಿವಿಗೆ ಅಡ್ಡಿಯಿಲ್ಲ. ಅದನ್ನು ಪದಶಃ ಇಳಿಸಿದ ‘ಐ ಹ್ಯಾವ್ ಸೀನ್ ದಿ ಪೇಷಂಟ್ ಯೆಸ್ಟರ್ಡೇ’ ಇಂಗ್ಲಿಷ್ ಕಿವಿಗೆ ಒಗ್ಗುವುದಿಲ್ಲ. ನಿನ್ನೆ, ಕಳೆದ ವಾರ, 2019ರಲ್ಲಿ ಎಂದು ಮುಗಿದ ಸಮಯವನ್ನು ಹೆಸರಿಸಿದ ಕೂಡಲೇ ಅಲ್ಲಿ ‘ಹ್ಯಾವ್’ಗೆ ಎಡೆಯಿಲ್ಲ; ‘ಐ ಸಾ ದಿ ಪೇಷಂಟ್ ಯೆಸ್ಟರ್ಡೇ’ ಎನ್ನಬೇಕು.

ಅಮೆರಿಕೆಗೆ ಹೊರಟವರಿಗೆ ಒಂದು ಮಾತು. ಅಲ್ಲಿ ‘ಡಿಡ್ ಯು ಈಟ್ ಯೆಟ್?’ ಎಂದು ಕೇಳುವುದು ಸಹಜ; ಬ್ರಿಟನ್ನಿನಲ್ಲಿ ‘ಹ್ಯಾವ್ ಯು ಈಟನ್ ಯೆಟ್?’ ಎನ್ನುವುದೇ ರೂಢಿ. ಆಯಾ ದೇಶದಲ್ಲಿ ಅದು ಸರಿ. 

ಈ ಉಪಾಯಕ್ಕೆ ಎಟುಕದ ಒಂದು ಸಂದರ್ಭವಿದೆ. ‘ಹತ್ತು ವರ್ಷದಿಂದ ಇದೆ’, ‘ಬೆಳಗಿನಿಂದ ನೋಯುತ್ತಿದೆ’ ಎಂಬಲ್ಲಿ ಕನ್ನಡವು ವರ್ತಮಾನವನ್ನೇ ಬಳಸುತ್ತದೆ. ‘ಇಂದ’ ಎಂಬ ಪ್ರತ್ಯಯದೊಡನೆ ಇಂದಿಗೂ ಮುಂದುವರಿದಿರುವ ಸ್ಥಿತಿ ಬಂದರೆ, ಇಂಗ್ಲಿಷ್‌ನಲ್ಲಿ ‘ಹ್ಯಾವ್’ ಇಲ್ಲವೇ ‘ಹ್ಯಾವ್ ಬೀನ್’ ಬರಲೇಬೇಕೆಂದು ನೆನಪಿಡಿ. ಅವಧಿಗೆ ‘ಫಾರ್’, ಆರಂಭದ ಬಿಂದುವಿಗೆ ‘ಸಿನ್ಸ್’.

ಮೊದಲು ಯಾವುದು, ಆಮೇಲೆ ಯಾವುದು

ಹಿರಿಯರು ಬೀಳುವುದು ಎಲ್ಲ ದೇಶಗಳ ತುರ್ತು ಚಿಕಿತ್ಸಾ ವಿಭಾಗಗಳಲ್ಲೂ ನಿತ್ಯದ ಸಂಗತಿ. ಅಲ್ಲಿ ವೈದ್ಯನು ಮೊದಲು ತಿಳಿಯಬಯಸುವುದು ಘಟನೆಗಳ ಅನುಕ್ರಮವನ್ನು. ಕನ್ನಡದಲ್ಲಿ ‘ಪ್ರಜ್ಞೆ ತಪ್ಪಿ ಬಿದ್ದರು’ ಎಂದರೆ ಹೃದಯದ ಲಯವನ್ನೋ ಮೂರ್ಛೆಯನ್ನೋ ಶಂಕಿಸಬೇಕು. ‘ಬಿದ್ದು ಪ್ರಜ್ಞೆ ತಪ್ಪಿದರು’ ಎಂದರೆ ತಲೆಗೆ ಪೆಟ್ಟಾಗಿರಬಹುದೆಂದು ನೋಡಬೇಕು. ‘ತಪ್ಪಿ’, ‘ಬಿದ್ದು’ ಎಂಬ ನಮ್ಮ ಕೃದಂತಾವ್ಯಯಗಳು ಈ ಕೆಲಸವನ್ನು ಎಷ್ಟು ಚೊಕ್ಕವಾಗಿ ಮಾಡುತ್ತವೆ! ಇಂಗ್ಲಿಷ್‌ನಲ್ಲಿ ಅದೇ ಕ್ರಮವನ್ನು ‘ಫಸ್ಟ್’, ‘ದೆನ್’ ಎಂಬ ಪದಗಳಿಂದ ತೋರಿಸಬಹುದು, ಇಲ್ಲವೇ ಪಾಸ್ಟ್ ಪರ್ಫೆಕ್ಟ್‌ನಿಂದ.

‘ವೆನ್ ಐ ರೀಚ್ಡ್ ದಿ ಕಿಚನ್, ಶಿ ಫೆಲ್’ ಎಂದು ಮಗ ಹೇಳಿದರೆ, ತಾಯಿ ಬಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ ಎಂದು ವೈದ್ಯ ತಿಳಿಯುತ್ತಾನೆ. ‘ಶಿ ಹ್ಯಾಡ್ ಫಾಲನ್’ ಎಂದರೆ ಅವನು ಅಡುಗೆಮನೆಗೆ ಬರುವಷ್ಟರಲ್ಲಿ ಆಕೆ ಬಿದ್ದಾಗಿತ್ತು, ಯಾರೂ ನೋಡಿಲ್ಲ. ಆಗ ಪ್ರಶ್ನೆಗಳ ದಿಕ್ಕೇ ಬದಲಾಗುತ್ತದೆ: ಎಷ್ಟು ಹೊತ್ತು ನೆಲದ ಮೇಲಿದ್ದರು? ದೀರ್ಘಕಾಲ ಒಂದೇ ಭಂಗಿಯಲ್ಲಿ ಬಿದ್ದಿದ್ದರೆ ಸ್ನಾಯುಗಳು ಜಖಂಗೊಂಡು ಮೂತ್ರಪಿಂಡಗಳಿಗೆ ಹಾನಿಯಾಗಬಲ್ಲದು. ಅದಕ್ಕೆ ಪ್ರತ್ಯೇಕ ರಕ್ತಪರೀಕ್ಷೆ ಬೇಕು. 

ಈ ‘ಹ್ಯಾಡ್’ ರೂಪವನ್ನು ನಮ್ಮವರು ಬೇಡದ ಕಡೆಯೂ ಬಳಸುತ್ತಾರೆ. ‘ಕಳೆದ ವಾರ ಮೈಸೂರಿಗೆ ಹೋಗಿದ್ದೆ’ ಎಂಬುದು ‘ಐ ಹ್ಯಾಡ್ ಗಾನ್ ಟು ಮೈಸೂರ್ ಲಾಸ್ಟ್ ವೀಕ್’ ಆಗುತ್ತದೆ. ಕೇಳುಗನು ‘ಹೋಗಿದ್ದಿರಿ, ಆಮೇಲೆ ಏನಾಯಿತು?’ ಎಂದು ಕಾಯುತ್ತಾನೆ. ಎರಡನೆಯ ಘಟನೆ ಇಲ್ಲದಿದ್ದರೆ ‘ಐ ವೆಂಟ್’ ಸಾಕು.

ಪಾರ್ಶ್ವವಾಯುವಿನ ವಿಷಯದಲ್ಲಂತೂ ಕಾಲವೇ ಚಿಕಿತ್ಸೆ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣಗಳು ಆರಂಭವಾದ 4.5 ಗಂಟೆಗಳೊಳಗೆ ಕೊಡಬೇಕು. ಬ್ರಿಟನ್ನಿನಲ್ಲಿ ಇದಕ್ಕೆ 999 ಸಂಖ್ಯೆಗೆ ಕರೆ ಮಾಡುತ್ತೇವೆ. ಅಲ್ಲಿ ‘ಹಿ ವಾಸ್ ನಾಟ್ ಸ್ಪೀಕಿಂಗ್ ದಿಸ್ ಮಾರ್ನಿಂಗ್’ ಎಂದರೆ ಬೆಳಿಗ್ಗೆ ಮಾತಿರಲಿಲ್ಲ, ಈಗ ಬಂದಿದೆ ಎಂಬ ಧ್ವನಿ ಹೊರಡುತ್ತದೆ. ‘ಹಿ ಹ್ಯಾಸ್ ನಾಟ್ ಸ್ಪೋಕನ್ ಸಿನ್ಸ್ ಏಟ್ ಓ ಕ್ಲಾಕ್’ ಎಂದರೆ ಈಗಲೂ ಮಾತಿಲ್ಲ ಎಂಬುದೂ ಯಾವಾಗಿನಿಂದ ಎಂಬುದೂ ಒಟ್ಟಿಗೆ ತಿಳಿಯುತ್ತದೆ. ನಾಲಿಗೆಗೆ ಈ ವಾಕ್ಯ ಒದಗದಿದ್ದರೆ ವ್ಯಾಕರಣವನ್ನು ಬದಿಗಿಟ್ಟು ಎರಡು ತುಣುಕು ಹೇಳಿ: ‘ಸ್ಟಾರ್ಟೆಡ್ ಏಟ್ ಓ ಕ್ಲಾಕ್. ಸ್ಟಿಲ್ ನಾಟ್ ಸ್ಪೀಕಿಂಗ್.’ ಅದು ಪೂರ್ಣ ವಾಕ್ಯವಲ್ಲದಿದ್ದರೂ ಪೂರ್ಣ ಸತ್ಯ.

ಇಲ್ಲಿಗೆ ಬರುವ ಹಿರಿಯರಿಗೆ

ವಿಮಾನ ನಿಲ್ದಾಣದ ಅಧಿಕಾರಿ ‘ಹೌ ಲಾಂಗ್ ಆರ್ ಯು ಹಿಯರ್ ಫಾರ್?’ ಎಂದು ಕೇಳಿದರೆ, ಅದು ಇನ್ನು ಎಷ್ಟು ದಿನ ಇರುತ್ತೀರಿ ಎಂಬ ಪ್ರಶ್ನೆ. ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’ ಎಂದರೆ ಬಂದು ಎಷ್ಟು ದಿನವಾಯಿತು ಎಂದು. ಮೊದಲನೆಯದಕ್ಕೆ ‘ಟೂ ಅವರ್ಸ್’ ಎಂದು ಉತ್ತರಿಸಿದರೆ ಅಧಿಕಾರಿ ಹುಬ್ಬೇರಿಸುವುದು ಸಹಜ.

‘ಹ್ಯಾವ್ ಯು ಬೀನ್ ಟು ದಿ ಯುಕೆ ಬಿಫೋರ್?’ ಎಂಬಲ್ಲಿನ ‘ಬೀನ್’ ಅನ್ನು ಗಮನಿಸಿ. ‘ಮೈ ಸನ್ ಹ್ಯಾಸ್ ಗಾನ್ ಟು ಲಂಡನ್’ ಎಂದರೆ ಮಗ ಲಂಡನ್ನಿಗೆ ಹೋಗಿದ್ದಾನೆ, ಇನ್ನೂ ಮರಳಿಲ್ಲ. ‘ಹ್ಯಾಸ್ ಬೀನ್ ಟು ಲಂಡನ್’ ಎಂದರೆ ಹೋಗಿಬಂದಿದ್ದಾನೆ. ಕನ್ನಡದ ‘ಹೋಗಿದ್ದಾನೆ’, ‘ಹೋಗಿಬಂದಿದ್ದಾನೆ’ ಎಂಬ ಜೋಡಿಯನ್ನು ನೆನಪಿಟ್ಟರೆ ಇದು ಎಂದಿಗೂ ತಪ್ಪುವುದಿಲ್ಲ.

ಆಸ್ಪತ್ರೆಯಲ್ಲಿ ‘ಡು ಯು ಸ್ಮೋಕ್?’ ಎಂದರೆ ಧೂಮಪಾನದ ರೂಢಿ ಇದೆಯೇ ಎಂದು. ಈ ಕ್ಷಣದ ಪ್ರಶ್ನೆಯಲ್ಲ. ‘ಹ್ಯಾವ್ ಯು ಎವರ್ ಸ್ಮೋಕ್ಡ್?’ ಎಂದರೆ ಜೀವಮಾನದಲ್ಲಿ ಎಂದಾದರೂ ಎಂದು. ಇಪ್ಪತ್ತು ವರ್ಷ ಸೇದಿ ಬಿಟ್ಟವರು ಮೊದಲನೆಯದಕ್ಕೆ ‘ನೋ’ ಎಂದೂ ಎರಡನೆಯದಕ್ಕೆ ‘ಎಸ್’ ಎಂದೂ ಹೇಳಬೇಕು. ಎರಡೂ ನಿಜ, ಎರಡೂ ಬೇಕು.

ಇಷ್ಟೆಲ್ಲ ನೆನಪಿಡಲಾಗದವರಿಗೆ ಒಂದು ಸರಳ ದಾರಿ ಇದೆ. ಊರಿನಿಂದ ಹೊರಡುವ ಮೊದಲೇ ಒಂದು ಹಾಳೆಯಲ್ಲಿ ಮೂರು ಕಂಬಸಾಲು ಎಳೆದು, ಔಷಧಿಯ ಹೆಸರು ಮತ್ತು ಪ್ರಮಾಣ, ಆರಂಭಿಸಿದ ತಿಂಗಳು ಹಾಗೂ ವರ್ಷ, ಕೊನೆಯಲ್ಲಿ ‘ಸ್ಟಿಲ್ ಟೇಕಿಂಗ್’ ಅಥವಾ ‘ಸ್ಟಾಪ್ಡ್’ ಎಂದು ಬರೆದುಕೊಳ್ಳಿ. ವ್ಯಾಪಾರನಾಮದ ಜೊತೆಗೆ ಔಷಧಿಯ ಮೂಲನಾಮವನ್ನೂ ಬರೆಯಿರಿ. ಭಾರತದ ವ್ಯಾಪಾರನಾಮಗಳು ಇಲ್ಲಿ ಎಲ್ಲರಿಗೂ ಪರಿಚಿತವಲ್ಲ. ತಾರೀಖು ಇದ್ದಲ್ಲಿ ಕ್ರಿಯಾಪದ ಎಡವಿದರೂ ಅರ್ಥ ಎಡವುವುದಿಲ್ಲ. ಇಲ್ಲಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ದುಭಾಷಿ ಬೇಕೆಂದು ಕೇಳಲು ಸಂಕೋಚ ಪಡಬೇಕಾಗಿಲ್ಲ.

ಪರೀಕ್ಷೆಗೆ ಕೂರುವವರಿಗೆ

ಇಲ್ಲಿ ನೋಂದಣಿ ಬಯಸುವ ವೈದ್ಯರಿಗೆ ಜನರಲ್ ಮೆಡಿಕಲ್ ಕೌನ್ಸಿಲ್ ಒಪ್ಪುವ ಭಾಷಾಪರೀಕ್ಷೆಗಳಲ್ಲಿ ಎರಡು ಪ್ರಮುಖ. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟಾರೆ 7.5, ಪ್ರತಿ ವಿಭಾಗದಲ್ಲಿ ಕನಿಷ್ಠ 7 ಬೇಕು. ಒಇಟಿಯಲ್ಲಿ ನಾಲ್ಕೂ ವಿಭಾಗಗಳಲ್ಲಿ ಬಿ ಶ್ರೇಣಿ ಬೇಕು. ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿಗೆ ಮುನ್ನ ಕೌನ್ಸಿಲ್‌ನ ಜಾಲತಾಣವನ್ನು ನೋಡಿಕೊಳ್ಳುವುದು ಲೇಸು.

ಒಇಟಿಯ ಬರವಣಿಗೆಯ ವಿಭಾಗ 45 ನಿಮಿಷದ್ದು. ಮೊದಲ 5 ನಿಮಿಷ ರೋಗಿಯ ಟಿಪ್ಪಣಿಗಳನ್ನು ಓದಲು, ಉಳಿದ 40 ನಿಮಿಷ ಸುಮಾರು 180ರಿಂದ 200 ಪದಗಳ ಪತ್ರ ಬರೆಯಲು. ಆ ಟಿಪ್ಪಣಿಗಳು ಬಹುಮಟ್ಟಿಗೆ ಕ್ರಿಯಾಪದಗಳಿಲ್ಲದ ತುಣುಕುಗಳು. ‘ಧೂಮಪಾನಿ, 2018ರಲ್ಲಿ ನಿಲುಗಡೆ’, ‘ಅಸ್ತಮಾ, ಬಾಲ್ಯದಿಂದ’ ಎಂಬ ಮಾದರಿಯವು. ಅವುಗಳಿಗೆ ಕಾಲವನ್ನು ತುಂಬುವ ಹೊಣೆ ನಿಮ್ಮದು. ಧೂಮಪಾನಕ್ಕೆ ‘ಹಿ ಕ್ವಿಟ್ ಸ್ಮೋಕಿಂಗ್ ಇನ್ 2018’, ಅಸ್ತಮಾಕ್ಕೆ ‘ಹಿ ಹ್ಯಾಸ್ ಹ್ಯಾಡ್ ಆಸ್ತಮಾ ಸಿನ್ಸ್ ಚೈಲ್ಡ್‌ಹುಡ್’.

ಪತ್ರದಲ್ಲಿ ಕಾಲಗಳಿಗೆ ತಮ್ಮ ತಮ್ಮ ಸ್ಥಾನಗಳಿವೆ. ತಾರೀಖುಳ್ಳ ಹಿಂದಿನ ಘಟನೆಗಳಿಗೂ ಪರೀಕ್ಷಿಸಿದಾಗ ಕಂಡದ್ದಕ್ಕೂ ಸಿಂಪಲ್ ಪಾಸ್ಟ್. ಇಂದಿಗೂ ಉಳಿದಿರುವ ಕಾಯಿಲೆಗೆ, ಅದರ ಅವಧಿ ಹೇಳುವಾಗ, ಪ್ರೆಸೆಂಟ್ ಪರ್ಫೆಕ್ಟ್. ದಿನನಿತ್ಯದ ಔಷಧಿಗೆ ಸಿಂಪಲ್ ಪ್ರೆಸೆಂಟ್. ಮುಂದಿನ ಯೋಜನೆಗೆ ‘ವಿಲ್’. ಈ ನಾಲ್ಕನ್ನು ಹಿಡಿತಕ್ಕೆ ತಂದುಕೊಂಡರೆ ಸಾಕು. ಹನ್ನೆರಡು ಕಾಲಗಳನ್ನೂ ಪ್ರದರ್ಶಿಸಿ ಪರೀಕ್ಷಕರನ್ನು ಬೆರಗುಗೊಳಿಸುವ ಹಂಬಲ ಬೇಡ. ಪತ್ರ ಓದುವ ವೈದ್ಯನಿಗೆ ಬೇಕಾಗಿರುವುದು ಯಾವುದು ಮುಗಿದಿದೆ, ಯಾವುದು ನಡೆಯುತ್ತಿದೆ ಎಂಬ ಅರಿವು.

ಇದ್ದಾರೆಯೋ, ಇದ್ದರೋ

ಕೊನೆಯದಾಗಿ, ಪರೀಕ್ಷೆಗಳಾಚೆಗಿನ ಒಂದು ಮಾತು. ಕುಟುಂಬದ ಆರೋಗ್ಯದ ಬಗ್ಗೆ ಕೇಳಿದಾಗ ‘ಮೈ ಫಾದರ್ ಹ್ಯಾಸ್ ಡಯಾಬಿಟಿಸ್’ ಎಂದರೆ ತಂದೆ ಬದುಕಿದ್ದಾರೆ. ‘ಹ್ಯಾಡ್’ ಎಂದೊಡನೆ ಇಂಗ್ಲಿಷ್ ವೈದ್ಯನ ದನಿ ಮೆದುವಾಗುತ್ತದೆ. ತಂದೆ ತೀರಿಕೊಂಡಿರಬೇಕೆಂದು ಅವನು ಊಹಿಸುತ್ತಾನೆ. ಬದುಕಿರುವವರನ್ನು ಬಾಯಿತಪ್ಪಿ ಭೂತಕಾಲಕ್ಕೆ ಸೇರಿಸದಿರೋಣ.

ಸಾವಿನ ಸುದ್ದಿ ತಿಳಿಸುವುದು ನಮ್ಮ ವೃತ್ತಿಯ ಅತ್ಯಂತ ಕಠಿಣ ಕರ್ತವ್ಯ. ಇಲ್ಲಿನ ತರಬೇತಿಯಲ್ಲಿ ಸುತ್ತುಬಳಸು ಮಾತುಗಳನ್ನು ಬಿಟ್ಟು, ಮೃದುವಾಗಿ ಆದರೆ ಸ್ಪಷ್ಟವಾಗಿ ‘ಹಿ ಹ್ಯಾಸ್ ಡೈಡ್’ ಎನ್ನಲು ಕಲಿಸುತ್ತಾರೆ. ಮುಗಿದುಹೋದ ಘಟನೆಗೆ ‘ಹ್ಯಾಸ್’ ಏಕೆ? ಏಕೆಂದರೆ ಕೇಳುತ್ತಿರುವವರ ಪಾಲಿಗೆ ಅದು ಇನ್ನೂ ಮುಗಿದಿಲ್ಲ. ಅವರು ನಿಂತಿರುವ ಈ ಗಳಿಗೆಯನ್ನೇ ಅದು ಆವರಿಸಿದೆ. ದಿನ ಕಳೆದು, ತಾರೀಖು ಸೇರಿದಾಗ ಅದೇ ಮಾತು ‘ಹಿ ಡೈಡ್ ಆನ್ ಟ್ಯೂಸ್‌ಡೇ’ ಆಗುತ್ತದೆ. ಕನ್ನಡದ ‘ತೀರಿಕೊಂಡಿದ್ದಾರೆ’ ಎಂಬುದು ‘ಮಂಗಳವಾರ ತೀರಿಕೊಂಡರು’ ಎಂದಾಗುವಂತೆ. ಭಾಷೆ ಬೇರೆಯಾದರೂ ಎರಡೂ ಕಡೆ ಮನುಷ್ಯರು ದುಃಖವನ್ನು ವರ್ತಮಾನದಿಂದ ಭೂತಕ್ಕೆ ನಿಧಾನವಾಗಿ ದಾಟಿಸಿಕೊಳ್ಳುವ ಬಗೆ ಒಂದೇ.

ಆದ್ದರಿಂದ ವಿದೇಶಕ್ಕೆ ಹೊರಟಿರುವ ಮಿತ್ರರಿಗೆ ನನ್ನ ಸಲಹೆ ಇಷ್ಟೇ. ಹನ್ನೆರಡು ಕಾಲಗಳ ಕೋಷ್ಟಕವನ್ನು ಕೆಲಕಾಲ ಮುಚ್ಚಿಡಿ. ಮನೆಯ ಹಿರಿಯರೊಬ್ಬರ ಮಾತ್ರೆಗಳ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಒಂದೊಂದು ಮಾತ್ರೆಯ ಬಗ್ಗೆಯೂ ಆ ಐದು ನಿಷೇಧಗಳನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷ್‌ನಲ್ಲಿ ಹೇಳಿ ನೋಡಿ. ಒಂದು ವಾರದ ಅಭ್ಯಾಸ ಸಾಕು. ಅಷ್ಟರಲ್ಲಿ ನಿಮ್ಮ ಇಂಗ್ಲಿಷ್ ಸುಧಾರಿಸುವುದರ ಜೊತೆಗೆ, ಅವರು ಯಾವ ಮಾತ್ರೆಯನ್ನು ನಿಜವಾಗಿ ತೆಗೆದುಕೊಳ್ಳುತ್ತಿಲ್ಲ ಎಂಬುದೂ ತಿಳಿದೀತು.